ರದ್ದಿಯಿಂದ ಕವಿತೆ: ಕೊಡಗಿನ ಮನೆಯಲ್ಲಿ ಕೊಲಾಜ್ ಮಾಡುವ ಕ್ರಮ

ಕೊಲಾಜ್ ಕವಿತೆಯ ಪದಗಳನ್ನು ನೀವು ಬರೆಯುವುದಿಲ್ಲ, ಆಯುತ್ತೀರಿ. ಪತ್ರಿಕೆ, ಕ್ಯಾಲೆಂಡರ್, ಬೀಜದ ಪ್ಯಾಕೆಟ್, ಮದುವೆ ಕಾಗದ, ಸಂತೆಯಿಂದ ಸಾಮಾನು ಸುತ್ತಿಕೊಂಡು ಬಂದ ಹಾಳೆ: ಇವುಗಳಲ್ಲಿ ಆಗಲೇ ಅಚ್ಚಾಗಿರುವ ಮಾತನ್ನು ಕತ್ತರಿಸಿ ತೆಗೆದು, ಬೇರೆ ಸಾಲಿನಲ್ಲಿ ಕೂರಿಸಿ, ಎಲೆ, ಗೋಣಿ, ಬಣ್ಣದ ಜೊತೆ ಒಂದೇ ಹಾಳೆಯ ಮೇಲೆ ಅಂಟಿಸಬೇಕು. ಇಂಗ್ಲಿಷ್ ವಿಡಿಯೊ ನೋಡಿ ಶುರುಮಾಡಿದವರು ಎರಡು ಕಡೆ ಸೋಲುತ್ತಾರೆ. ಕನ್ನಡದ ಅಕ್ಷರ, ವಿಭಕ್ತಿ ಇಂಗ್ಲಿಷಿನ ಹಾಗೆ ಕತ್ತರಿಗೆ ಬಗ್ಗುವುದಿಲ್ಲ. ಕೊಡಗಿನ ತೇವದಲ್ಲಿ ಆ ವಿಡಿಯೊದವರ ಅಂಟು ಹೇಳಿದ ಹೊತ್ತಿಗೆ ಒಣಗುವುದಿಲ್ಲ. ಈ ಬರಹದ ಹೆಚ್ಚಿನ ಪಾಲು ಆ ಎರಡಕ್ಕೇ ಮೀಸಲು.

ಯಾವ ಕಾಲದಲ್ಲಿ ಯಾವ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಯುವುದು, ಕತ್ತರಿಸುವುದು, ವಿಂಗಡಿಸುವುದು, ಸಾಲು ಜೋಡಿಸಿ ನೋಡುವುದು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಂಟಿಸುವುದು. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ಅಂಟಿಸಿದ ಹಾಳೆ ಮೂರು ದಿನವಾದರೂ ತಣ್ಣಗಿರುತ್ತದೆ, ನಾಲ್ಕನೆಯ ದಿನ ಅಂಚಿನಲ್ಲಿ ಬೂಷ್ಟು ಕಾಣಿಸುತ್ತದೆ. ಮಳೆಗಾಲದಲ್ಲೇ ಮುಗಿಸಬೇಕೆಂದಿದ್ದರೆ ಹಿಟ್ಟಿನ ಅಂಟು ಬಿಟ್ಟು ಗ್ಲೂ ಸ್ಟಿಕ್ ಬಳಸಿ. ಅದರಲ್ಲಿ ನೀರು ಕಡಿಮೆ.

ಏನನ್ನು ಆಯಬೇಕು

ಮೊದಲು ಮಾತು. ಒಳ್ಳೆಯ ಪದ ಸಂಪಾದಕೀಯದಲ್ಲಿ ಸಿಗುತ್ತದೆಂದು ಎಲ್ಲರೂ ಅಲ್ಲಿಂದ ಶುರುಮಾಡುತ್ತಾರೆ. ಅಲ್ಲಿನ ಪದಗಳು ಆಗಲೇ ಭಾವ ತುಂಬಿಕೊಂಡು ಭಾರವಾಗಿರುತ್ತವೆ, ಅವುಗಳ ಪಕ್ಕ ಇನ್ನೊಂದನ್ನು ಇಟ್ಟರೆ ಹೊಸದೇನೂ ಹುಟ್ಟುವುದಿಲ್ಲ. ಲೆಕ್ಕ, ಸೂಚನೆ, ಜಾಹೀರಾತು ಇವುಗಳ ಒಣ ಮಾತೇ ಕೊಲಾಜಿಗೆ ಚೆನ್ನ. ಮಳೆಗಾಲದಲ್ಲಿ ಪತ್ರಿಕೆಗಳು ಹಾರಂಗಿ ಜಲಾಶಯದ ವಿವರ ಕೊಡುತ್ತವೆ: ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಈ ನಾಲ್ಕು ಸಾಲನ್ನು ತಿಂಗಳುಗಟ್ಟಲೆ ಕತ್ತರಿಸಿಟ್ಟುಕೊಳ್ಳಿ, ಅಂಕಿ ಬದಲಾಗುತ್ತದೆ, ಮಾತು ಅದೇ ಇರುತ್ತದೆ, ಹಾಗಾಗಿ ಪಲ್ಲವಿಯಂತೆ ಮತ್ತೆ ಮತ್ತೆ ಬಳಸಬಹುದು. ಜಮೀನು ಮಾರಾಟದ ಜಾಹೀರಾತಿನಲ್ಲಿ ಬಾಣೆ, ಪೈಸಾರಿ (ಎರಡೂ ಕೊಡಗಿನ ಜಮೀನಿನ ಬಗೆಗಳು), ಏಕರೆ, ಸೆಂಟ್, ರಸ್ತೆ ಸೌಕರ್ಯವಿದೆ ಎಂಬಂಥವು ಸಿಗುತ್ತವೆ. ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದ ಹಳೆಯ ಡೈರಿ ಇದ್ದರೆ ಅದು ಚಿನ್ನ. ಇಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲೇ ಬರೆಯುವುದು ರೂಢಿ. ನೆಲಕ್ಕೂ (ಏಕರೆಯ ನೂರನೆಯ ಪಾಲು) ಮಳೆಗೂ (ಇಂಚಿನ ನೂರನೆಯ ಪಾಲು) ‘ಸೆಂಟ್’ ಎಂಬ ಒಂದೇ ಪದ ಇರುವುದರಿಂದ ಡೈರಿಯ ಸಾಲನ್ನೂ ಜಾಹೀರಾತಿನ ಸಾಲನ್ನೂ ಆ ಪದದ ಮೇಲೆ ಬೆಸೆಯಬಹುದು. ಮೂಲ ಡೈರಿಗೆ ಮಾತ್ರ ಕತ್ತರಿ ಹಾಕಬೇಡಿ, ಜೆರಾಕ್ಸ್ ಮಾಡಿಸಿ.

ಕ್ಯಾಲೆಂಡರಿನ ಹಿಂಬದಿ, ಬೀಜದ ಪ್ಯಾಕೆಟ್ಟಿನ ಸೂಚನೆ, ಗೊಬ್ಬರದ ರಸೀದಿ, ಔಷಧದ ಚೀಟಿ ಇವೂ ಬೇಕು. ಕ್ರಿಯಾಪದಕ್ಕೆ ಪ್ಯಾಕೆಟ್ಟುಗಳೇ ಶ್ರೇಷ್ಠ: ಒಣಗಿಸಿ, ಬೆರೆಸಿ, ದೂರವಿಡಿ, ಅಲುಗಾಡಿಸಿ. ಪತ್ರಿಕೆಯ ಸುದ್ದಿಯಲ್ಲಿ ಹತ್ತರಲ್ಲಿ ಎಂಟು ವಾಕ್ಯ ‘ತಿಳಿಸಿದ್ದಾರೆ’, ‘ಹೇಳಿದರು’ ಎಂದೇ ಮುಗಿಯುವುದರಿಂದ ಬರೀ ಪತ್ರಿಕೆಯಿಂದ ಮಾಡಿದ ಕವಿತೆ ಸಭೆಯ ವರದಿಯಂತೆ ಕೇಳಿಸುತ್ತದೆ.

ಬಸ್ ಟಿಕೆಟ್, ಅಂಗಡಿ ಬಿಲ್ಲು ಹೆಚ್ಚಾಗಿ ಥರ್ಮಲ್ ಕಾಗದ. ಉಗುರಿನಿಂದ ಬಲವಾಗಿ ಗೀರಿದರೆ ಕಪ್ಪು ಗೆರೆ ಮೂಡಿತೆಂದರೆ ಅದು ಥರ್ಮಲ್. ಬೆಳಕಿಗೆ ಅಕ್ಷರ ಮಾಸಿ ಬಿಳಿ ಚೂರು ಉಳಿಯುತ್ತದೆ, ಬಿಸಿ ತಗುಲಿದರೆ ಇಡೀ ಕಾಗದ ಕಪ್ಪಾಗುತ್ತದೆ. ತಂದ ವಾರದಲ್ಲೇ ಜೆರಾಕ್ಸ್ ಮಾಡಿಸಿ, ಪ್ರತಿಯನ್ನೇ ಅಂಟಿಸಿ.

ಕೆಲವನ್ನು ಆಯಬಾರದು. ಶ್ರದ್ಧಾಂಜಲಿ ಜಾಹೀರಾತಿನ ಹೆಸರು, ಮುಖ ಯಾರದೋ ಮನೆಯ ದುಃಖ, ಅದನ್ನು ಮುಟ್ಟಬೇಡಿ. ಚೆಕ್‌ರೋಲ್ ಪುಸ್ತಕದ (ತೋಟದ ಕೂಲಿ ಲೆಕ್ಕದ ಪುಸ್ತಕ) ಹಳೆ ಹಾಳೆ ಸಿಕ್ಕರೆ ಕಾರ್ಮಿಕರ ಹೆಸರಿನ ಮೇಲೆ ಕಾಗದ ಹಚ್ಚಿ ಮರೆಮಾಡಿ, ಕೂಲಿಯ ಅಂಕಿ, ಗೆರೆ ಮಾತ್ರ ಉಳಿಸಿಕೊಳ್ಳಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಂದ ಬಿದ್ದ ಎಲೆಯನ್ನೂ ತರಬೇಡಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಇವೆಲ್ಲ ಸಂರಕ್ಷಿತ ಅರಣ್ಯ, 1972ರ ವನ್ಯಜೀವಿ ಕಾಯ್ದೆ ಅನ್ವಯವಾಗುವ ಜಾಗ. ಎಲೆ, ತೊಗಟೆಗೆ ಮನೆಯ ತೋಟವೇ ಸಾಕು.

ಸಲಕರಣೆ

ತುದಿ ಚೂಪಾದ ಸಣ್ಣ ಕತ್ತರಿ (ಕಸೂತಿಯದಾದರೆ ಒಳ್ಳೆಯದು), ಮುರಿದು ಬಳಸುವ ಬ್ಲೇಡಿನ ಪೇಪರ್ ಕಟರ್, 30 ಸೆಂ.ಮೀ. ಸ್ಟೀಲ್ ಸ್ಕೇಲ್, ಚಿಮುಟ, ಅರ್ಧ ಇಂಚಿನ ಚಪ್ಪಟೆ ಬ್ರಷ್, ಬಟರ್ ಪೇಪರ್, ಕೆಳಗೆ ಹಾಸಲು ದಪ್ಪ ರಟ್ಟು. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡ್ ಕಡಿದುಹಾಕುತ್ತದೆ, ಸ್ಟೀಲೇ ಬೇಕು. ಬ್ಲೇಡಿನ ತುದಿಯನ್ನು ಆಗಾಗ ಮುರಿಯಿರಿ. ಮೊಂಡಾದ ಬ್ಲೇಡ್ ತೆಳು ಕಾಗದವನ್ನು ಕತ್ತರಿಸದೆ ಎಳೆದು ಹರಿಯುತ್ತದೆ, ತೇವ ಹೀರಿದ ಪತ್ರಿಕೆಯಲ್ಲಂತೂ ಖಂಡಿತ. ಮಳೆಗಾಲದಲ್ಲಿ ಕತ್ತರಿಸುವ ಮುನ್ನ ಹಾಳೆಯನ್ನು ಒಲೆಯ ಪಕ್ಕ ಹತ್ತು ನಿಮಿಷ ಇಟ್ಟು ಗರಿಗರಿ ಮಾಡಿಕೊಳ್ಳಿ.

ತಳಕ್ಕೆ ಎ4 ಅಳತೆಯ, 200 ಜಿಎಸ್‌ಎಂಗೆ (ಚದರ ಮೀಟರಿಗೆ ಗ್ರಾಂ) ಕಡಿಮೆಯಿಲ್ಲದ ಡ್ರಾಯಿಂಗ್ ಹಾಳೆ. ಚಾರ್ಟ್ ಪೇಪರ್ ಬೇಡ, ಒದ್ದೆ ಅಂಟು ತಗುಲಿದ ಕೂಡಲೇ ಸುರುಳಿಯಾಗುತ್ತದೆ.

ಕನ್ನಡವನ್ನು ಕತ್ತರಿಸುವುದು

ಇಲ್ಲಿ ಅವಸರ ಬೇಡ. ಪತ್ರಿಕೆಯ ಶೀರ್ಷಿಕೆಗಳಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ; ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಷ್ಟು ಹತ್ತಿರ ಇಳಿದಿರುತ್ತದೆ. ನೇರ ಗೆರೆ ಹಿಡಿದು ಕತ್ತರಿಸಿದರೆ ಒತ್ತು ಹೋಗುತ್ತದೆ, ಪದವೇ ಬೇರೆಯಾಗುತ್ತದೆ: ಎಲ್ಲೆ ಎಲೆಯಾಗುತ್ತದೆ, ಬಳ್ಳಿ ಬಳಿಯಾಗುತ್ತದೆ, ಕತ್ತೆ ಕತೆಯಾಗುತ್ತದೆ. ಆದ್ದರಿಂದ ಒತ್ತಿನ ಕೆಳಗೆ 2 ಮಿ.ಮೀ. ಬಿಟ್ಟು, ಒತ್ತಿನ ಸುತ್ತ ಕತ್ತರಿಯನ್ನು ತಿರುಗಿಸಿ. ಕೆಳಸಾಲಿನ ತಲೆಕಟ್ಟಿನ ಚೂರು ಅಂಟಿಕೊಂಡು ಬಂದರೆ ಬಿಳಿ ಪೋಸ್ಟರ್ ಬಣ್ಣದಿಂದ ಮುಚ್ಚಿ. ಅಕ್ಷರದ ಬಲಕ್ಕೆ ಬರುವ ದೀರ್ಘ ಮತ್ತು ಅರ್ಕಾವೊತ್ತು ಕೂಡ ಇದೇ ರೀತಿ ತಪ್ಪಿಹೋಗುತ್ತವೆ, ಪದದ ಬಲಗಡೆ ಒಂದು ಅಕ್ಷರದಷ್ಟು ಹೆಚ್ಚು ಜಾಗ ಹಿಡಿದು ಕತ್ತರಿಸಿ, ಆಮೇಲೆ ಒಪ್ಪ ಮಾಡಿ.

ಕೈ ಕುದುರಿದ ಮೇಲೆ ಇದನ್ನೇ ಉಪಾಯವಾಗಿ ಬಳಸಬಹುದು. ‘ಬೇರೆ’ ಎಂಬುದರ ನಡುವಿನ ದೀರ್ಘವನ್ನು ತೆಗೆದು ಎರಡು ತುಂಡು ಜೋಡಿಸಿದರೆ ‘ಬೆರೆ’. ಕಡಿದು ತೆಗೆದ ಒತ್ತು, ದೀರ್ಘಗಳನ್ನು ಎಸೆಯದೆ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿಡಿ.

ಇನ್ನು ವಿಭಕ್ತಿ. 1920ರಲ್ಲಿ ಡಾಡಾ ಎಂಬ ಕಲಾಪಂಥದ ಕವಿ ಟ್ರಿಸ್ಟನ್ ಜಾರಾ ಕವಿತೆ ಮಾಡುವ ಒಂದು ವಿಧಾನ ಹೇಳಿದ: ಪತ್ರಿಕೆಯ ಲೇಖನವೊಂದರ ಪದಗಳನ್ನೆಲ್ಲ ಕತ್ತರಿಸಿ ಚೀಲಕ್ಕೆ ಹಾಕಿ, ಮೆಲ್ಲಗೆ ಅಲುಗಿಸಿ, ಒಂದೊಂದಾಗಿ ತೆಗೆದು ಅದೇ ಕ್ರಮದಲ್ಲಿ ಬರೆಯಿರಿ. ಈ ಚೀಲದ ವಿಧಾನವನ್ನು ಕನ್ನಡದಲ್ಲಿ ಹಾಗೆಯೇ ಮಾಡಿದರೆ ‘ತೋಟಕ್ಕೆ ಮಳೆಯಿಂದ ಅಧಿಕಾರಿಗಳನ್ನು ಶಾಲೆಯಲ್ಲಿ’ ಎಂಬಂಥ ಸಾಲುಗಳೇ ಬರುತ್ತವೆ. ಪ್ರತಿ ಪದವೂ ಕ್ರಿಯಾಪದಕ್ಕಾಗಿ ಕಾಯುತ್ತ ನಿಂತಿರುತ್ತದೆ. ಪರಿಹಾರ ಸರಳ: ಪ್ರಕೃತಿ (ಮೂಲ ಪದ) ಬೇರೆ, ಪ್ರತ್ಯಯ ಬೇರೆ ಕತ್ತರಿಸಿ.

ಎ, ಇ ಸ್ವರದಲ್ಲಿ ಮುಗಿಯುವ ಪದಗಳು (ಮಳೆ, ಹೊಳೆ, ಮನೆ, ಎಲೆ, ಗಿರಿ) ಎಲ್ಲಕ್ಕಿಂತ ಸಲೀಸು. ಮಳೆ | ಯಲ್ಲಿ, ಹೊಳೆ | ಯಿಂದ, ಮನೆ | ಗೆ ಎಂದು ಅಕ್ಷರ ಮುರಿಯದೆ ಬೇರ್ಪಡುತ್ತವೆ, ಈ ಪ್ರತ್ಯಯಗಳು ಈ ಗುಂಪಿನ ಯಾವ ಪದಕ್ಕೂ ಹೊಂದುತ್ತವೆ. ಅಕಾರದಲ್ಲಿ ಮುಗಿಯುವ ನಪುಂಸಕ ಪದಗಳದು ಎರಡನೆಯ ಗುಂಪು: ತೋಟ | ದಲ್ಲಿ, ಮರ | ಕ್ಕೆ, ಕಣ | ದಿಂದ. ಈ ಎರಡು ಗುಂಪಿನ ಪ್ರತ್ಯಯಗಳನ್ನು ಎರಡು ಡಬ್ಬಿಗಳಲ್ಲಿ ಇಡಿ, ಬೆರೆತರೆ ‘ಮಳೆದಲ್ಲಿ’ ಆಗುತ್ತದೆ. ಉಕಾರದ ಕಾಡು, ಊರು, ನೀರು ಇವುಗಳಲ್ಲಿ ಕೊನೆಯ ಅಕ್ಷರವೇ ಬದಲಾಗುವುದರಿಂದ (ಕಾಡಿನಲ್ಲಿ, ಊರಿಗೆ) ಅವನ್ನು ಇಡಿಯಾಗಿಯೇ ಕತ್ತರಿಸಿ. ಕ್ರಿಯಾಪದಕ್ಕೆ ಮೂರನೆಯ ಡಬ್ಬಿ. ಬಂತು, ಸುರಿಯಿತು, ಇದೆ, ಇಲ್ಲ ಇವು ಎಷ್ಟಿದ್ದರೂ ಸಾಲವು.

ಡಬ್ಬಿಗಳಲ್ಲಿ ಒಟ್ಟು ಸುಮಾರು 150 ಚೂರು ಸೇರುವವರೆಗೆ ಕವಿತೆಗೆ ಕೂರಬೇಡಿ. ಕಡಿಮೆ ಇದ್ದರೆ ನೀವು ಮೊದಲೇ ಅಂದುಕೊಂಡದ್ದನ್ನು ಹೇಳಲು ಪದ ಹುಡುಕುತ್ತೀರಿ, ಸಿಗುವುದಿಲ್ಲ, ಪೆನ್ನು ಹಿಡಿಯುತ್ತೀರಿ.

ಸಾಲು ಕಟ್ಟುವುದು

ಕ್ರಿಯಾಪದವನ್ನು ಮೊದಲು ಇಟ್ಟು ಹಿಂದಕ್ಕೆ ನಡೆಯಿರಿ. ಕನ್ನಡದಲ್ಲಿ ಸಾಲಿನ ಭಾರವೆಲ್ಲ ಕೊನೆಯಲ್ಲಿ ಬೀಳುವುದರಿಂದ ಕೊನೆ ಗಟ್ಟಿಯಾಯಿತೆಂದರೆ ಮುಂದಿನದು ತಾನಾಗಿ ಕೂರುತ್ತದೆ. ಒಂದು ಮಾದರಿ:

ಇಂದಿನ ಮಟ್ಟ
ಮನೆಯಿಂದ ಮನೆಗೆ
ಒಳಹರಿವು
ನೆರಳಿನಲ್ಲಿ ಒಣಗಿಸಿ
ಬಾಕಿ ಮಳೆ
ಪಾವತಿಸಲಾಗಿದೆ

ಮೊದಲ ಮತ್ತು ಮೂರನೆಯ ಸಾಲು ಜಲಾಶಯದ ವಿವರದಿಂದ. ‘ಮನೆ’ ಎರಡೂ ಮಾರಾಟದ ಜಾಹೀರಾತಿನವು, ‘ಯಿಂದ’ ಸಂಸ್ಥೆಯಿಂದ ಕಡಿದದ್ದು, ‘ಗೆ’ ಶಾಲೆಗೆ ಎಂಬುದರದು. ನಾಲ್ಕನೆಯದು ಬೀಜದ ಪ್ಯಾಕೆಟ್. ‘ಬಾಕಿ’, ‘ಪಾವತಿಸಲಾಗಿದೆ’ ಎರಡೂ ರಸೀದಿಯವು. ‘ಮಳೆ’ ಒಂದನ್ನೇ ಸುದ್ದಿಯಿಂದ ತೆಗೆದದ್ದು. ಮೊದಲು ಇಟ್ಟದ್ದು ‘ಪಾವತಿಸಲಾಗಿದೆ’. ಆ ಮಾತಿಗೆ ಹಣವಲ್ಲದ ಏನನ್ನು ಕೊಡಬಹುದು ಎಂಬ ಹುಡುಕಾಟದಿಂದ ಉಳಿದದ್ದು ಬಂತು. ಹೀಗೆ ಒಣ ಮಾತಿನ ಪಕ್ಕ ಮನೆಯ ಮಾತು, ಲೆಕ್ಕದ ಪಕ್ಕ ಮಳೆ, ಇವೆರಡೂ ಒಂದಕ್ಕೊಂದು ಅಂಟದೆ ಉಜ್ಜಿಕೊಳ್ಳುವ ಕಡೆಯೇ ಕವಿತೆ ಇರುವುದು. ಎರಡು ಸುಂದರ ಪದಗಳನ್ನು ಅಕ್ಕಪಕ್ಕ ಇಡುವ ಆಸೆಯನ್ನು ತಡೆಯಿರಿ.

ಎ4 ಹಾಳೆಗೆ 15ರಿಂದ 25 ಪದ ಸಾಕು. ಅಕ್ಷರದ ಗಾತ್ರ ಧ್ವನಿಯಂತೆ ಕೆಲಸ ಮಾಡುತ್ತದೆ. ಶೀರ್ಷಿಕೆಯ ದಪ್ಪ ಅಕ್ಷರವನ್ನು ‘ಸಾವು’, ‘ಪ್ರೀತಿ’ ಇಂಥ ಪದಕ್ಕೆ ಕೊಟ್ಟರೆ ಹಾಳೆ ಕೂಗುತ್ತದೆ. ದಪ್ಪ ಅಕ್ಷರ ‘ಮಟ್ಟ’, ‘ಇದೆ’ ಇಂಥ ಸಾದಾ ಪದಕ್ಕಿರಲಿ, ಮನಸ್ಸಿಗೆ ತಾಕುವ ಪದ ಸುದ್ದಿಯ ಸಣ್ಣ ಅಕ್ಷರದಲ್ಲಿ ಬರಲಿ.

ಕತ್ತರಿ ಬೇಡವೆಂದರೆ ಇಡೀ ಪತ್ರಿಕೆಯ ಪುಟವನ್ನೇ ತಳವಾಗಿಸಿ, ಬೇಕಾದ ಪದ ಬಿಟ್ಟು ಉಳಿದದ್ದನ್ನು ಮುಚ್ಚಬಹುದು. ಆಗಲೂ ಪೆನ್ಸಿಲ್‌ನಿಂದ ಮೊದಲು ಕ್ರಿಯಾಪದಕ್ಕೆ ಸುತ್ತು ಹಾಕಿ, ಅಲ್ಲಿಂದ ಮೇಲಕ್ಕೆ ಹೋಗಿ. ಮಾರ್ಕರ್ ಶಾಯಿ ತೆಳು ಕಾಗದದಲ್ಲಿ ಹರಡಿ ಉಳಿಸಿದ ಪದಕ್ಕೂ ನುಗ್ಗುತ್ತದೆ, ಪದದ ಸುತ್ತ ಮೊದಲು ಮೇಣದ ಕ್ರೇಯಾನಿನಿಂದ ಗೆರೆ ಎಳೆದು ಹೊರಗನ್ನು ತುಂಬಿ.

ಪತ್ರಿಕೆ ಕಾಗದದ ತೊಂದರೆಗಳು

ಪತ್ರಿಕೆಯ ಕಾಗದ ಚದರ ಮೀಟರಿಗೆ ಸುಮಾರು 45 ಗ್ರಾಂ ಅಷ್ಟೇ. ಅಂಟು ತಗುಲಿ ಒದ್ದೆಯಾದಾಗ ಹಿಂಬದಿಯ ಅಚ್ಚು ಮುಂದಕ್ಕೆ ಕಾಣುತ್ತದೆ, ಒಣಗಿದ ಮೇಲೂ ಅರ್ಧ ಉಳಿಯುತ್ತದೆ. ಕತ್ತರಿಸುವ ಮೊದಲೇ ಪದದ ಹಿಂಬದಿಗೆ ಬಿಳಿ ಪೋಸ್ಟರ್ ಬಣ್ಣದ ತೆಳು ಕೋಟ್ ಕೊಟ್ಟು ಒಣಗಿಸಿ. ಇನ್ನೊಂದು, ಈ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಬಿಸಿಲಿಗೆ ಕೆಲವೇ ವಾರಗಳಲ್ಲಿ ಹಳದಿಯಾಗುತ್ತದೆ. ಹಳದಿ ಬೇಡವೆಂದರೆ ಒಳ್ಳೆಯ ಬಿಳಿ ಕಾಗದದ ಮೇಲೆ ಲೇಸರ್ ಪ್ರತಿ ತೆಗೆಸಿ, ಇಂಕ್‌ಜೆಟ್ ಪ್ರತಿಯ ಶಾಯಿ ಅಂಟಿನ ನೀರಿಗೆ ಹರಡುತ್ತದೆ.

ಕೈಯಿಂದ ಹರಿದ ಅಂಚು ಬೇಕಿದ್ದರೆ ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೇರವಾಗಿ ಬರುತ್ತದೆ. ಅಡ್ಡ ಹರಿದರೆ ಎತ್ತೆತ್ತಲೋ ಹೋಗುತ್ತದೆ. ಕಾಗದದ ಎಳೆ ಇರುವುದು ಮೇಲಿನಿಂದ ಕೆಳಕ್ಕೆ. ಒದ್ದೆಯಾದಾಗ ಕಾಗದ ಹಿಗ್ಗುವುದು ಎಳೆಗೆ ಅಡ್ಡವಾಗಿ. ಹಾಗಾಗಿ ದೊಡ್ಡ ತುಂಡುಗಳ ಎಳೆ ತಳದ ಹಾಳೆಯ ಎಳೆಯ ದಿಕ್ಕಿಗೇ ಇದ್ದರೆ ಸುಕ್ಕು, ಬಾಗು ಎರಡೂ ಕಡಿಮೆ.

ಮದುವೆ ಕಾಗದ, ಕ್ಯಾಲೆಂಡರಿನ ನುಣುಪು ಹಾಳೆಗೆ ಅಂಟು ಹಿಡಿಯುವುದಿಲ್ಲ. ಹಿಂಬದಿಯನ್ನು 220ರ ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಮದುವೆ ಕಾಗದ ತೀರಾ ದಪ್ಪವಿದ್ದರೆ ಮೂಲೆಯನ್ನು ಉಗುರಿನಿಂದ ಬಿಡಿಸಿ ಪದರ ಸುಲಿಯಿರಿ.

ಎಲೆ, ಗೋಣಿ, ಕಾಫಿ

ಸಿಲ್ವರ್ ಓಕ್ ಎಲೆ ಕೊಲಾಜಿಗೆ ಹೇಳಿ ಮಾಡಿಸಿದ್ದು: ಮೇಲ್ಬದಿ ಕಡು ಹಸಿರು, ಕೆಳಬದಿ ಬೆಳ್ಳಿ, ಒಣಗಿದರೂ ಎರಡು ಬದಿಯ ವ್ಯತ್ಯಾಸ ಉಳಿಯುತ್ತದೆ. ಉದುರಿ ಸುರುಳಿಯಾದದ್ದನ್ನು ಉಗುರುಬೆಚ್ಚಗಿನ ನೀರಿನಲ್ಲಿ 15 ನಿಮಿಷ ನೆನೆಸಿ, ಒರೆಸಿ, ಪತ್ರಿಕೆಗಳ ನಡುವೆ ಇಟ್ಟು ಇಟ್ಟಿಗೆ ಹೇರಿ. ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ, ಒಟ್ಟು ಎರಡು ವಾರ. ಬದಲಿಸದಿದ್ದರೆ ತೇವ ಒಳಗೇ ನಿಂತು ಎಲೆಯ ಮೇಲೆ ಕಪ್ಪು ಚುಕ್ಕೆ ಬರುತ್ತದೆ. ಕರಿಮೆಣಸಿನ ಎಲೆ ದಪ್ಪ, ರಸ ಹೆಚ್ಚು, ಸುಲಭವಾಗಿ ಬೂಷ್ಟು ಹಿಡಿಯುತ್ತದೆ. ಹೂಮಳೆಯ ನಂತರ ಅರಳುವ ಕಾಫಿ ಹೂವನ್ನು ಎಲ್ಲರೂ ಒತ್ತಿ ಒಣಗಿಸಲು ನೋಡುತ್ತಾರೆ. ಅದು ಕಂದು ಬಣ್ಣಕ್ಕೆ ತಿರುಗಿಯೇ ತಿರುಗುತ್ತದೆ. ಕಂದನ್ನೇ ಬಯಸಿದ್ದರೆ ಮಾತ್ರ ಬಳಸಿ. ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹೊಟ್ಟು ಜೇನುಬಣ್ಣದ್ದು, ಹಗುರ, ಬಣ್ಣ ಉಳಿಸಿಕೊಳ್ಳುತ್ತದೆ.

ಗೋಣಿಚೀಲದ ಮೇಲೆ ಕೊರೆಯಚ್ಚಿನಲ್ಲಿ ಹೊಡೆದ ಅಕ್ಷರ, ಅಂಕಿಗಳು ಸಿಕ್ಕರೆ ಬಿಡಬೇಡಿ. ಕತ್ತರಿಸುವ ಮೊದಲು ಹಿಂಬದಿಗೆ ನೀರು ಬೆರೆಸದ ಫೆವಿಕಾಲ್ ಸವರಿ ಒಣಗಿಸಿ, ಇಲ್ಲವಾದರೆ ಎಳೆಗಳು ಕಳಚಿ ಅಕ್ಷರ ಚೂರಾಗುತ್ತದೆ.

ಹಿನ್ನೆಲೆಯ ಬಣ್ಣಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್ ಬ್ರಷ್‌ನಿಂದ ಹಚ್ಚಬಹುದು. ಎರಡು ಕೋಟ್, ನಡುವೆ ಪೂರ್ತಿ ಒಣಗಿಸಿ. ಸಕ್ಕರೆ, ಬೆಲ್ಲ ಸೇರಿದ ಕಾಫಿ ಬಳಸಿದರೆ ಇರುವೆ ಬರುತ್ತದೆ. ಅರಿಸಿನ ಬೆಳಕಿಗೆ ಬೇಗ ಮಾಸುತ್ತದೆ, ನಂಬಬೇಡಿ.

ಅಂಟು

ಕಾಗದಕ್ಕೆ ಕೂವೆ (ಆರಾರೂಟ್) ಹಿಟ್ಟಿನ ಅಂಟು ಮೈದಾಕ್ಕಿಂತ ಮೇಲು. ಕೂವೆ ಬಹುಪಾಲು ಶುದ್ಧ ಪಿಷ್ಟ, ಒಣಗಿದಾಗ ಕಾಣುವುದಿಲ್ಲ. ಮೈದಾದಲ್ಲಿ ಅಂಟುಪ್ರೋಟೀನು ಇರುವುದರಿಂದ ಹುಳುವನ್ನು ಹೆಚ್ಚು ಕರೆಯುತ್ತದೆ. ಒಂದು ದೊಡ್ಡ ಚಮಚ ಕೂವೆ ಹಿಟ್ಟನ್ನು ಎರಡು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. 100 ಮಿ.ಲೀ. ನೀರು ಕುದಿಸಿ, ಉರಿ ಸಣ್ಣ ಮಾಡಿ, ಕಲಸಿದ್ದನ್ನು ಸುರಿದು ತಿರುವಿ. ಬಿಳಿ ಹೋಗಿ ಪಾರದರ್ಶಕವಾದ ಕೂಡಲೇ ಇಳಿಸಿ. ಇನ್ನೂ ತಿರುವುತ್ತ ಕುದಿಸಿದರೆ ಗಟ್ಟಿಯಾಗುವ ಬದಲು ನೀರಾಗುತ್ತದೆ, ಆಮೇಲೆ ಸರಿಯಾಗುವುದಿಲ್ಲ. ತಣಿದ ಮೇಲೆ ದೋಸೆ ಹಿಟ್ಟಿನ ಹದಕ್ಕಿರಬೇಕು. ತೆಳು ಬಟ್ಟೆಯಲ್ಲಿ ಸೋಸಿ. ಮೈದಾ ಮಾತ್ರ ಇದ್ದರೆ ಒಂದು ಅಳತೆ ಮೈದಾಕ್ಕೆ ಐದು ಅಳತೆ ನೀರು, ಸಣ್ಣ ಉರಿಯಲ್ಲಿ ಆರೇಳು ನಿಮಿಷ.

ಅಂದಂದಿನ ಅಂಟು ಅಂದೇ ಮಾಡಿ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹಿಂದೆ ಹುಳು, ಬೂಷ್ಟು ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು, ಬೋರ್ಡೋ ದ್ರಾವಣಕ್ಕೆಂದು (ಗಿಡದ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಮದ್ದು) ತಂದದ್ದು ಕಾಫಿ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಮುಟ್ಟಬೇಡಿ. ವಿಷ ಎಂಬುದು ಒಂದು ಮಾತು. ತಾಮ್ರದ ಅಂಶ ಕಾಗದವನ್ನು ಬೇಗ ಪುಡಿಯಾಗಿಸುತ್ತದೆ, ಹಸಿರು ಕಲೆಯನ್ನೂ ಬಿಡುತ್ತದೆ. ಎರಡು ಹನಿ ಲವಂಗದೆಣ್ಣೆ ಸಾಕು.

ಎಲೆ, ಹೊಟ್ಟು, ಗೋಣಿಗೆ ಪಿಷ್ಟದ ಅಂಟು ನಿಲ್ಲುವುದಿಲ್ಲ. ಎಲೆಗೆ ಮೂರು ಪಾಲು ಫೆವಿಕಾಲಿಗೆ ಒಂದು ಪಾಲು ನೀರು, ಹೊಟ್ಟು ಮತ್ತು ಗೋಣಿಗೆ ನೀರು ಸೇರಿಸದ್ದು.

ಅಂಟಿಸುವ ಕ್ರಮ

ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ, ನೇರ ಮೇಲಿನಿಂದ ಫೋನಿನಲ್ಲಿ ಫೋಟೊ ತೆಗೆಯಿರಿ. ಫ್ಯಾನಿನ ಒಂದು ಗಾಳಿಗೆ ಎಲ್ಲ ಹಾರಿಹೋಗುತ್ತದೆ, ಫೋಟೊ ಇಲ್ಲದಿದ್ದರೆ ಅದೇ ಜೋಡಣೆ ಮತ್ತೆ ಬರುವುದಿಲ್ಲ. ಹಾಳೆಯ ಮೂರನೆಯ ಒಂದು ಭಾಗವಾದರೂ ಖಾಲಿ ಬಿಡಿ.

ಹಿನ್ನೆಲೆಯ ದೊಡ್ಡ ತುಂಡುಗಳು ಮೊದಲು. ಅವುಗಳ ಹಿಂಬದಿಗೆ ಅಂಟು ಸವರಿ, ಒಂದೆರಡು ನಿಮಿಷ ಬಿಟ್ಟು, ಕಾಗದ ಪೂರ್ತಿ ಹಿಗ್ಗಿದ ಮೇಲೆ ಕೂರಿಸಿ. ಸವರಿದ ತಕ್ಷಣ ಅಂಟಿಸಿದರೆ ತಳದ ಮೇಲೆ ಹೋಗಿ ಹಿಗ್ಗುತ್ತದೆ, ಸುಕ್ಕು ಬರುವುದು ಇದರಿಂದಲೇ. ಬಟರ್ ಪೇಪರ್ ಹೊದಿಸಿ ನಡುವಿನಿಂದ ಅಂಚಿಗೆ ಒತ್ತಿ. ಪದಗಳದು ತಿರುವುಮುರುವು: ಅಂಟನ್ನು ತಳಕ್ಕೆ ಹಚ್ಚಿ, ಚಿಮುಟದಲ್ಲಿ ಪದ ಹಿಡಿದು ಇಳಿಸಿ. ಸಣ್ಣ ಚೂರಿಗೆ ನೇರ ಬ್ರಷ್ ಹಚ್ಚಿದರೆ ಅದು ಬ್ರಷ್ಷಿಗೇ ಅಂಟಿಕೊಂಡು ಹೋಗುತ್ತದೆ. ಹೊರಗೆ ಉಳಿದ ಅಂಟನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಿದರೆ ಪತ್ರಿಕೆಯ ಶಾಯಿ ಮಸಿಯಾಗಿ ಹರಡುತ್ತದೆ. ಎಲೆ, ಹೊಟ್ಟು, ಗೋಣಿ ಕೊನೆಗೆ.

ಮುಂಬದಿಗೆ ಮಾತ್ರ ಕಾಗದ ಹಚ್ಚಿದ ಹಾಳೆ ಒಣಗುವಾಗ ಮುಂದಕ್ಕೆ ಬಾಗುತ್ತದೆ. ಹಿಂಬದಿಗೂ ಅದೇ ದಿನ, ಅದೇ ಅಂಟಿನಿಂದ ಒಂದು ಸಾದಾ ಕಾಗದ ಹಚ್ಚಿದರೆ ಎರಡೂ ಬದಿಯ ಎಳೆತ ಸಮವಾಗಿ ಸಪಾಟಾಗಿ ನಿಲ್ಲುತ್ತದೆ. ಮೇಲೆ ಕೆಳಗೆ ಬಟರ್ ಪೇಪರ್, ಅದರಾಚೆ ಪತ್ರಿಕೆಗಳ ಅಟ್ಟಿ, ಮೇಲೆ ಹಲಗೆ, ಇಟ್ಟಿಗೆ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮೂರು ದಿನ, ಬೆಳಿಗ್ಗೆ ಸಂಜೆ ಪತ್ರಿಕೆ ಬದಲಿಸಿ. ಗೋಣಿ, ಹೊಟ್ಟು ಅಂಟಿಸಿದ್ದರೆ ಭಾರ ಹೇರುವ ಮೊದಲು ಮೇಲೆ ಮಡಿಚಿದ ಟವೆಲ್ ಹಾಕಿ, ಇಲ್ಲವಾದರೆ ಉಬ್ಬಿದ್ದು ಒಡೆಯುತ್ತದೆ. ಬೇಗ ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆ ಕಾಗದಕ್ಕೆ ಹತ್ತುತ್ತದೆ.

ಚೌಕಟ್ಟು, ಗೋಡೆ

ಒಣಗಿದ್ದನ್ನು 2 ಮಿ.ಮೀ. ರಟ್ಟಿನ ಮೇಲೆ ಕೂರಿಸಿ. ಗಾಜಿಗೂ ಚಿತ್ರಕ್ಕೂ ನಡುವೆ ಕನಿಷ್ಠ 3 ಮಿ.ಮೀ. ಅಂತರ ಬರುವಂತೆ ದಪ್ಪ ರಟ್ಟಿನ ಅಂಚುಪಟ್ಟಿ ಕೊಡಲು ಚೌಕಟ್ಟು ಹಾಕುವವರಿಗೆ ಹೇಳಿ, ಹೊಟ್ಟು ಅಂಟಿಸಿದ್ದರೆ 8 ಮಿ.ಮೀ. ಗಾಜಿಗೆ ತಾಗಿದ ಕಾಗದ ಮಳೆಗಾಲದಲ್ಲಿ ಅದಕ್ಕೇ ಅಂಟಿಕೊಳ್ಳುತ್ತದೆ, ಬಿಡಿಸಿದರೆ ಅಕ್ಷರ ಗಾಜಿನ ಜೊತೆ ಬರುತ್ತದೆ.

ನೈಋತ್ಯ ಮಾರುತ ನೇರ ಬಡಿಯುವ ಪಡುವಣ, ತೆಂಕಣದ ಹೊರಗೋಡೆಗೆ ತೂಗುಹಾಕಬೇಡಿ. ಮನೆಯ ನಡುಗೋಡೆ ಲೇಸು. ಚೌಕಟ್ಟಿನ ಹಿಂದಿನ ಕೆಳಗಿನ ಎರಡು ಮೂಲೆಗೆ ಅರ್ಧ ಸೆಂ.ಮೀ. ದಪ್ಪದ ರಬ್ಬರ್ ಅಥವಾ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ಮನೆ ಒಪ್ಪ ಮಾಡುವ ಹೊತ್ತಿಗೆ ಚೌಕಟ್ಟು ಇಳಿಸಿ ಹಿಂಬದಿ ನೋಡಿ. ಬಿಳಿ ಬೂಷ್ಟು ಕಂಡರೆ ಮನೆಯ ಹೊರಗೆ ಒಯ್ದು, ಬಿಚ್ಚಿ, ನೆರಳಿನಲ್ಲಿ ಒಂದು ದಿನ ಗಾಳಿಗಿಟ್ಟು, ಪೂರ್ತಿ ಒಣಗಿದ ಮೇಲೆ ಒಣ ಬ್ರಷ್‌ನಿಂದ ಗುಡಿಸಿ. ಒದ್ದೆ ಬಟ್ಟೆ ಹಚ್ಚಿದರೆ ಅದು ಕಾಗದದೊಳಕ್ಕೆ ಇಳಿಯುತ್ತದೆ.